ಪಡುಗೋಡಿಯ ಕಾಂಬಕಟ್ಟೆ

ಪಡುಗೋಡಿಗೆ ಬರುವ ಪರವೂರಿನವರು ಬಸ್ಸಿಳಿದು ಕಡಲಿನತ್ತ ನಡೆದರೆ, ಮೀನು ಮಾರುಕಟ್ಟೆ ದಾಟಿದ ತಿರುವಿನಲ್ಲಿ ಪುರಸಭೆಯವರು ನಿಲ್ಲಿಸಿದ ನೀಲಿ ಫಲಕವೊಂದು ಎದುರಾಗುತ್ತದೆ. ‘ಐತಿಹಾಸಿಕ ಕಂಬಕಟ್ಟೆಗೆ ಸ್ವಾಗತ’ ಎಂದು ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಸಿದ್ದಾರೆ. ಓದಿದವರು ಸಹಜವಾಗಿಯೇ ಕಂಬಗಳನ್ನು ಹುಡುಕುತ್ತಾರೆ. ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ನಡೆದು, ನಿಂತ ಕಂಬ ಒಂದೂ ಕಾಣದೆ, ಚುರುಮುರಿ ಅಂಗಡಿಯ ಪಕ್ಕ ಸಂಜೆ ಹೊತ್ತು ಕುಳಿತಿರುವ ನನ್ನ ಬಳಿ ಬಂದು, ‘ಅಜ್ಜಾ, ಕಂಬ ಎಲ್ಲಿ?’ ಎಂದು ಕೇಳುತ್ತಾರೆ. ನನಗೆ ಪಿತ್ತ ನೆತ್ತಿಗೇರುತ್ತದೆ. ಸಿಟ್ಟು ಕೇಳಿದವರ ಮೇಲಲ್ಲ, ಫಲಕ ಬರೆಸಿದವರ ಮೇಲೆ. ನಮ್ಮ ಕಟ್ಟೆಯ ಹೆಸರು ಕಂಬಕಟ್ಟೆಯಲ್ಲ, ಕಾಂಬಕಟ್ಟೆ. ಒಂದು ದೀರ್ಘ ಕೊಡಲು ಬಣ್ಣ ಸಾಲದೆ ಹೋಯಿತೇ ಎಂದು ಪುರಸಭೆಗೇ ಹೋಗಿ ಕೇಳಿದವನು ನಾನು. ಅಲ್ಲಿದ್ದವರು ನಕ್ಕರು. ಇದೇ ದೀರ್ಘ ತಪ್ಪಿದ್ದರಿಂದ ಈ ಊರಿನ ಗಂಡಸರೆಲ್ಲ ಕಡಲ ಪಾಲಾಗುವುದರಲ್ಲಿದ್ದರು ಎಂಬುದು ಅವರಿಗೆ ಗೊತ್ತಿಲ್ಲ. ಐಸ್ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದ ನನಗೆ ಬೇರೆ ವಿದ್ಯೆ ಇಲ್ಲ. ಆದರೆ ಈ ಕಟ್ಟೆಯ ಕಥೆಯನ್ನು ನನ್ನ ಅಜ್ಜಿ ಹೇಳಿದ ಹಾಗೆಯೇ ಒಪ್ಪಿಸಬಲ್ಲೆ.

ಮೊದಲು ಕಟ್ಟೆಯನ್ನು ಸರಿಯಾಗಿ ನೋಡಬೇಕು. ಹೊಳೆ ಕಡಲಿಗೆ ಸೇರುವ ಅಳಿವೆಯಿಂದ ಶುರುವಾಗಿ, ದಡವನ್ನೇ ಹಿಡಿದುಕೊಂಡು, ತೆಂಕಣ ಬಂಡೆಯವರೆಗೆ ಅದು ಸಾಗುತ್ತದೆ. ಊರಿನ ಕಡೆಯಿಂದ ರಸ್ತೆಗೆ ಸಮನಾಗಿದೆ, ಹತ್ತಲು ಮೆಟ್ಟಿಲು ಬೇಡ. ಕಡಲ ಕಡೆಯಲ್ಲಿ ಮಾತ್ರ ಕೆಳಗಿನ ದಂಡೆಗೆ ಎದೆಯೆತ್ತರದಷ್ಟು ಇಳಿಯುವ ಗೋಡೆ. ಒಳಗೆಲ್ಲ ನಮ್ಮ ಕೆಂಪು ಮುರಕಲ್ಲು, ಅಲೆ ಬಡಿಯುವ ಕಡೆ ಕರಿಗಲ್ಲು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಎದುರುಬದುರಾಗಿ ಬಂದರೂ ಒಬ್ಬರಿಗೊಬ್ಬರು ತಾಗದೆ ದಾಟುವಷ್ಟು ಅಗಲವಿದೆ. ಆ ಅಗಲವನ್ನು ಹಾಗೆಯೇ ಅಳೆದು ಇಟ್ಟದ್ದು ಎನ್ನುತ್ತಾರೆ. ಕಡಲಂಚಿನ ಉದ್ದಕ್ಕೂ ಕುಳಿತುಕೊಳ್ಳಲು ಕಲ್ಲಿನ ಆಸನವಿದೆ. ದೂರದಿಂದ ನೋಡಿದರೆ ಅದು ದಡದ ಜೊತೆ ಬಳುಕಿದಂತೆ ಕಾಣುತ್ತದೆ. ಹತ್ತಿರ ಹೋದರೆ ಬಳುಕು ಎಲ್ಲೂ ಇಲ್ಲ, ಒಂದೊಂದು ಕಲ್ಲೂ ಉದ್ದಕ್ಕೆ ನೇರವಾಗಿದ್ದು ಸಂದಿಯಲ್ಲಿ ಮಾತ್ರ ಚೂರು ಚೂರೇ ತಿರುಗಿದೆ. ಕರಾವಳಿಯಲ್ಲಿ ಕಡಲಂಚಿಗೆ ನಡೆದಾಡುವ ದಾರಿ ಮಾಡಿದ ಊರುಗಳು ಈಗ ಬೇಕಾದಷ್ಟಿವೆ. ಎಲ್ಲ ಚೆಂದವೇ. ಆದರೆ ನಮ್ಮದರಂಥದು ಇಲ್ಲ, ಹಾಗೆ ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಇನ್ನೊಂದು ವಿಷಯ ಬಂದವರ ಕಣ್ಣಿಗೆ ಬೇಗ ಬೀಳುವುದಿಲ್ಲ. ಇಡೀ ಕಟ್ಟೆಯ ಮೇಲೆ ನೆಟ್ಟಗೆ ನಿಂತ ವಸ್ತು ಒಂದೂ ಇಲ್ಲ. ದೀಪದ ಕಂಬಗಳು ರಸ್ತೆಯ ಆಚೆ ಬದಿಯಲ್ಲಿವೆ. ಕಟ್ಟೆಯ ದೀಪಗಳನ್ನು ಮೊಣಕಾಲಿನ ಮಟ್ಟದಲ್ಲಿ ಆಸನದ ಬುಡದೊಳಗೆ ಹುದುಗಿಸಿದ್ದಾರೆ. ಮರವಿಲ್ಲ, ಪ್ರತಿಮೆಯಿಲ್ಲ, ಧ್ವಜದ ಕೋಲೂ ಇಲ್ಲ. ಕೆಲವು ವರ್ಷಗಳ ಹಿಂದೆ ಯಾರೋ ದೊಡ್ಡವರು ಬಂದು ಕಡಲಿಗೆ ಬೆನ್ನು ಹಾಕಿದ ಹಾಗೆ ಬಣ್ಣದ ಕಮಾನೊಂದನ್ನು ನಿಲ್ಲಿಸಿಕೊಡುತ್ತೇವೆ, ಅದರ ಕೆಳಗೆ ನಿಂತು ಜನ ಫೋಟೋ ತೆಗೆಸಿಕೊಳ್ಳಬಹುದು ಎಂದರು. ಮೀನು ಮಾರುವ ಹೆಂಗಸರು ಮಾರುಕಟ್ಟೆ ಬಿಟ್ಟು ಎದ್ದು ಬಂದು ಕಟ್ಟೆಯ ಮೇಲೆ ಸಾಲಾಗಿ ಕುಳಿತುಬಿಟ್ಟರು. ಗಲಾಟೆ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. ಬಂದವರು ಸ್ವಲ್ಪ ಹೊತ್ತು ನೋಡಿ ಕಮಾನನ್ನು ಬಸ್ ನಿಲ್ದಾಣದ ಮುಂದೆ ಹಾಕಿಸಿದರು. ಈಗಲೂ ಅಲ್ಲೇ ಇದೆ.

ಹಿಂದೆ ಒಮ್ಮೆ, ಈ ಕಟ್ಟೆ ಹುಟ್ಟುವ ಮೊದಲು, ಇಲ್ಲಿದ್ದುದು ಬರೀ ಹೊಯಿಗೆಯ, ಅಂದರೆ ಮರಳಿನ, ದಂಡೆ ಮತ್ತು ಮುಳ್ಳಿನ ಮುಂಡಿಗೆ ಪೊದೆ. ಅಳಿವೆಯ ಬಾಯಿಗೆ ಅಡ್ಡವಾಗಿ ಮರಳಿನ ದಿಬ್ಬವೊಂದು ನೀರೊಳಗೆ ಮಲಗಿರುತ್ತಿತ್ತು. ದೋಣಿ ಒಳಗೆ ಬರಲು ಆ ದಿಬ್ಬದ ನಡುವೆ ಒಂದೇ ದಾರಿ. ಅದೂ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಹೊಳೆಯ ನೀರು ಹೆಚ್ಚಿದರೆ ಬಡಗಕ್ಕೆ ಸರಿಯುತ್ತಿತ್ತು, ಕಡಲ ಸೆಳೆತ ಹೆಚ್ಚಿದರೆ ತೆಂಕಕ್ಕೆ. ದೋಣಿಯಲ್ಲಿದ್ದವರಿಗೆ ಅಲೆಯ ಬೆನ್ನು ಮಾತ್ರ ಕಾಣುವುದರಿಂದ ದಾರಿ ಎಲ್ಲಿದೆಯೆಂದು ಗೊತ್ತಾಗುತ್ತಿರಲಿಲ್ಲ. ದಡದಲ್ಲಿ ನಿಂತವರಿಗೆ ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯದೆ ಜಾರಿ ಬರುತ್ತದೆ ಎಂಬುದು ಚೆನ್ನಾಗಿ ಕಾಣುತ್ತಿತ್ತು. ಹೀಗಾಗಿ ದೋಣಿಗಳು ಮರಳುವ ಹೊತ್ತಿಗೆ ಊರಿನ ಹೆಂಗಸರು ದಂಡೆಗೆ ಬಂದು, ನೀರನ್ನು ನೋಡುತ್ತ ನೋಡುತ್ತ ನಡೆದು, ದಾರಿಗೆ ನೇರವಾದ ಜಾಗದಲ್ಲಿ ಗುಂಪಾಗಿ ನಿಂತು, ಖಾಲಿ ಬುಟ್ಟಿಗಳನ್ನು ಎತ್ತಿ ಹಿಡಿಯುತ್ತಿದ್ದರು. ಹೆಂಗಸರು ಎಲ್ಲಿ ನಿಂತರೋ ಅಲ್ಲಿಗೆ ದೋಣಿಯ ಮೂತಿ ತಿರುಗುತ್ತಿತ್ತು. ದಾರಿ ಸರಿದರೆ ಅವರೂ ಸರಿಯುತ್ತಿದ್ದರು. ಮುಂದೆ ನಡೆಯುವವಳಿಗೆ ‘ಕಾಂಬವಳು’ ಎಂದು ಹೆಸರು. ನಮ್ಮ ಕಡೆಯ ಮಾತಿನಲ್ಲಿ ಕಾಂಬುದೆಂದರೆ ನೋಡುವುದು. ಕಾಣಿಸುವುದಕ್ಕೂ ಅದೇ ಮಾತು. ಅದಲ್ಲದೆ, ಹೂಂ ಎನ್ನಲೂ ಆಗದೆ ಉಹೂಂ ಎನ್ನಲೂ ಮನಸ್ಸಿಲ್ಲದಾಗ ‘ಕಾಂಬ’ ಎಂದುಬಿಡುತ್ತೇವೆ, ನೋಡೋಣ ಎಂಬರ್ಥದಲ್ಲಿ. ಈ ಮೂರನ್ನೂ ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭ.

ಆ ಕಾಲದಲ್ಲಿ ಕಾಂಬವಳಾಗಿದ್ದವಳು ಅಕ್ಕಣಿ. ನೀರನ್ನು ಓದುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ, ಬಾಯಲ್ಲಿಯೂ ಇರಲಿಲ್ಲ. ಗಂಡ ಸೂರ ಊರಿನ ದೋಣಿಗಳ ಮುಂದಾಳು. ಅವನು ದೋಣಿ ನೂಕುವಾಗ ಹೆಂಡತಿಗೆ ಹೋಗಿ ಬರುತ್ತೇನೆ ಎಂದು ಹೇಳುತ್ತಿರಲಿಲ್ಲವಂತೆ. ‘ಕಾಂಬ’ ಎನ್ನುತ್ತಿದ್ದ. ಅವಳೂ ‘ಕಾಂಬ’ ಎನ್ನುತ್ತಿದ್ದಳು. ಈ ಸೀಮೆಯನ್ನು ಆಗ ಹಾಡಿಬೆಟ್ಟಿನ ಅರಮನೆಯಿಂದ ಪದುಮಲದೇವಿ ಎಂಬ ರಾಣಿ ಆಳುತ್ತಿದ್ದಳು. ಆಕೆ ತೆಂಕಣ ಯಾತ್ರೆ ಮುಗಿಸಿ ಕಡಲ ದಾರಿಯಲ್ಲಿ ಹಿಂದಿರುಗುತ್ತಿದ್ದಾಗ ಗಾಳಿಯೆದ್ದು, ಹಡಗು ನಮ್ಮ ಅಳಿವೆಯನ್ನೇ ಆಸರೆ ಮಾಡಿಕೊಳ್ಳಬೇಕಾಯಿತು. ಮರಳಿನ ದಿಬ್ಬದ ಮುಂದೆ ಹಡಗಿನವರು ದಿಕ್ಕೆಟ್ಟು ನಿಂತಿದ್ದಾಗ ದಡದಲ್ಲಿ ಒಂದು ಹಿಂಡು ಹೆಂಗಸರು ಮುಳ್ಳುಪೊದೆಗಳ ನಡುವೆ ಬಿದ್ದು ಎದ್ದು ಓಡುತ್ತ, ಕೊನೆಗೆ ಒಂದು ಕಡೆ ನಿಂತು ಬುಟ್ಟಿ ಎತ್ತುವುದನ್ನು ರಾಣಿ ಕಂಡಳು. ಹಡಗು ಆ ನೇರಕ್ಕೆ ಬಂದು ಕ್ಷೇಮವಾಗಿ ಒಳಗೆ ಸೇರಿತು. ಇಳಿದ ರಾಣಿ ಮೊದಲು ನೋಡಿದ್ದು ಅಕ್ಕಣಿಯ ಕಾಲುಗಳನ್ನು. ಮುಂಡಿಗೆಯ ಮುಳ್ಳು ಗೀರಿ ರಕ್ತ ಸುರಿಯುತ್ತಿತ್ತು. ಏನು ಬೇಕೋ ಕೇಳು, ಕಲ್ಲಿನಲ್ಲಿ ಕಟ್ಟಿಸಿ ಕೊಡುತ್ತೇನೆ ಎಂದು ರಾಣಿ ಮಾತು ಕೊಟ್ಟು ಅರಮನೆಗೆ ಹೋದಳು. ಘಟ್ಟದ ಮೇಲಿನಿಂದ ಸಿಂಗೋಜನೆಂಬ ಹೆಸರಾಂತ ಕಲ್ಕುಟಿಗನನ್ನು ಕರೆಸಿ, ಪಡುಗೋಡಿಯ ಹೆಂಗಸರು ಕೇಳಿದ್ದನ್ನು ಕಟ್ಟಿಕೊಟ್ಟು ಬಾ ಎಂದು ಅಪ್ಪಣೆ ಮಾಡಿದಳು.

ಸಿಂಗೋಜನಿಗೆ ಆಗಲೇ ಮೀಸೆ ಬೆಳ್ಳಗಾಗಿತ್ತು. ಎಷ್ಟೋ ಗುಡಿಗಳ ಕೆಲಸ ಮಾಡಿದ್ದನಾದರೂ ಕಡಲನ್ನು ಕಂಡದ್ದು ಅದೇ ಮೊದಲು. ಇದು ತನ್ನ ಕೈಯ ಕೊನೆಯ ದೊಡ್ಡ ಕೆಲಸವೆಂದು ಅವನಿಗೆ ತಿಳಿದಿತ್ತು, ಆದ್ದರಿಂದ ಎಲ್ಲಕ್ಕಿಂತ ಮಿಗಿಲಾಗಿರಲಿ ಎಂದು ಆಸೆಪಟ್ಟಿದ್ದ. ದಂಡೆಯಲ್ಲಿ ಅಕ್ಕಣಿಯನ್ನು ಕಂಡು ಏನು ಕಟ್ಟಬೇಕೆಂದು ಕೇಳಿದ. ಅಲೆಯ ಸದ್ದು ಜೋರಾಗಿತ್ತು.

‘ನಮ್ಗೆ ಬೇರೆ ಎಂತದೂ ಬ್ಯಾಡ ಆಚಾರ್ರೆ, ಒಂದ್ ಕಾಂಬ ಕಟ್ಟೆ ಕಟ್ಟಿ ಕೊಡಿ,’ ಎಂದಳು ಅಕ್ಕಣಿ.

‘ಕಂಬವೇ ತಾನೆ ತಾಯಿ?’

‘ಕಾಂಬುದೇ, ಮತ್ತೆಂತ? ಈ ತುದಿಯಿಂದ ಆ ತುದಿ ತನಕ ಉದ್ದಕೂ ಕಾಂಬಂಗೆ ಇರ್ಕ್.’

ಸಿಂಗೋಜ ಕೋಲಿನಿಂದ ಹೊಯಿಗೆಯ ಮೇಲೆ ಉದ್ದ ಗೆರೆ ಎಳೆದು, ಅದರ ಮೇಲೆ ಚುಕ್ಕೆ ಚುಕ್ಕೆ ಇಟ್ಟು, ಹೀಗೆ ಸಾಲಾಗಿಯೇ ಎಂದು ಕೇಳಿದ. ಚುಕ್ಕೆಗಳೆಂದರೆ ಸಾಲಾಗಿ ನಡೆಯುವ ಹೆಂಗಸರು ಎಂದು ಅಕ್ಕಣಿ ತಿಳಿದಳು. ಎಷ್ಟು ಬೇಗ ಅರ್ಥಮಾಡಿಕೊಂಡ ಈ ಮುದುಕ ಎಂದು ಅವಳಿಗೆ ಖುಷಿಯೋ ಖುಷಿ. ಕಡಲನ್ನೇ ನೋಡದ ತನ್ನಿಂದ ಈ ಬೆಸ್ತರ ಹೆಂಗಸು ಕಂಬಗಳ ಸಾಲನ್ನು ಬೇಡುತ್ತಿದ್ದಾಳಲ್ಲ, ಎಂಥ ಅಭಿರುಚಿ ಎಂದು ಅವನಿಗೂ ಖುಷಿ. ಇಬ್ಬರೂ ನಗುನಗುತ್ತ ಬೀಳ್ಕೊಂಡರು. ಕಥೆ ಹೇಳುತ್ತ ಇಲ್ಲಿಗೆ ಬಂದಾಗ ಅಜ್ಜಿ ಪ್ರತಿಸಲವೂ ತಲೆ ಚಚ್ಚಿಕೊಳ್ಳುತ್ತಿದ್ದಳು. ಘಟ್ಟದವರ ಕಿವಿ, ನಮ್ಮವರ ನಾಲಿಗೆ, ನಡುವೆ ಒಂದು ದೀರ್ಘ.

ಕಟ್ಟೆಯ ಕೆಲಸ ನಡೆಯಿತು. ಮುರಕಲ್ಲು ಕಡಿದು ಹಾಸಿದರು, ಕರಿಗಲ್ಲನ್ನು ಹೊಳೆಯ ಮೇಲಿನಿಂದ ತೆಪ್ಪದಲ್ಲಿ ತಂದರು. ಮುಳ್ಳುಪೊದೆಗಳು ಹೋಗಿ ಅಗಲವಾದ ಸಮ ದಾರಿ ಎದ್ದಾಗ ಹೆಂಗಸರ ಸಂತೋಷ ಹೇಳತೀರದು. ಆಮೇಲೆ ಬಂದವು ಕಂಬಗಳು. ಇವು ಯಾಕೆ ಎಂದು ಊರವರು ಮುಖ ಮುಖ ನೋಡಿಕೊಂಡರು. ರಾಣಿ ಮಾಡು ಹಾಕಿಸಿ ನೆರಳೂ ಕೊಡುತ್ತಿರಬೇಕು, ದೊಡ್ಡವರ ಕೊಡುಗೆ ದೊಡ್ಡದೇ ಇರುತ್ತದೆ ಎಂದುಕೊಂಡರು. ನಿಜ ಹೇಳಬೇಕೆಂದರೆ ಅವರಿಗೆ ಆ ಕಂಬಗಳು ಬಹಳ ಹಿಡಿಸಿದವು. ಒಂದರ ಮೇಲೆ ಅಂಜಲ್ ಮೀನುಗಳ ಸಾಲು, ಒಂದರ ಮೇಲೆ ತೆಂಗಿನ ಗೊನೆ, ಇನ್ನೊಂದರ ಮೇಲೆ ದೋಣಿ ನೂಕುವ ಗಂಡಸರು. ಹಾಡಿಬೆಟ್ಟಿನ ಗುಡಿಯಲ್ಲಿಯೂ ಇಂಥ ಕೆಲಸ ಇಲ್ಲ ಎಂದು ಪಡುಗೋಡಿಯವರು ನೆರೆಯೂರಿನ ನೆಂಟರನ್ನು ಕರೆದು ಕರೆದು ತೋರಿಸಿದರು. ನಮ್ಮ ಊರಿನವರಿಗೆ ಆ ಗುಣ ಇಂದಿಗೂ ಇದೆ. ಇದ್ದುದನ್ನು ತೋರಿಸದೆ ಊಟ ಸೇರುವುದಿಲ್ಲ.

ಸಾಲಿನ ನಡುವೆ ನಿಲ್ಲಿಸಲೆಂದು ಸಿಂಗೋಜ ಒಂದು ದೊಡ್ಡ ಕಂಬವನ್ನು ಬೇರೆಯಾಗಿ ಇಟ್ಟಿದ್ದ. ಅದರಲ್ಲಿ ಕಡಲನ್ನು ನೋಡುತ್ತಿರುವ ಹೆಣ್ಣೊಬ್ಬಳನ್ನು ಬಿಡಿಸಬೇಕೆಂದು ಅವನ ಮನಸ್ಸು. ಅಕ್ಕಣಿಯನ್ನು ಕರೆದು, ಬಿಸಿಲಿಗೆ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ನೀನು ನಿಲ್ಲುವ ಹಾಗೆಯೇ ನಿಲ್ಲು ಎಂದ. ಅವಳು ನಾಚಿದಳು, ಬೈದಳು, ಆಮೇಲೆ ನಿಂತಳು. ಕೆಲಸ ಮುಗಿದಾಗ ಸೆರಗು ಗಾಳಿಗೆ ಹಾರುವುದೂ, ಕಾಲ ಹೆಬ್ಬೆರಳು ನೆಲವನ್ನು ಒತ್ತಿರುವುದೂ, ಎಲ್ಲ ಅವಳದೇ. ಊರವರು ಅವಳನ್ನು ‘ಕಲ್ಲಕ್ಕ’ ಎಂದು ಚುಡಾಯಿಸತೊಡಗಿದರು. ಹೊರಗೆ ಸಿಟ್ಟು ತೋರಿಸಿದರೂ ದಿನಕ್ಕೊಮ್ಮೆಯಾದರೂ ಹೋಗಿ ಅದನ್ನು ನೋಡದೆ ಅವಳಿಗೆ ಸಮಾಧಾನವಿರಲಿಲ್ಲ. ತಾನು ಸತ್ತ ಮೇಲೂ ಇಲ್ಲಿ ನಿಂತಿರುತ್ತೇನೆ ಎಂಬ ಹೆಮ್ಮೆ. ಆ ಹೆಮ್ಮೆಯೇ ಅವಳ ಬಾಯಿ ಕಟ್ಟಿತು. ಯಾಕೆಂದರೆ ಕಂಬಗಳು ಕುಳಿಗಳಲ್ಲಿ ಒಂದೊಂದಾಗಿ ನೆಟ್ಟಗೆ ನಿಲ್ಲತೊಡಗಿದಾಗ, ಅವುಗಳ ಹಿಂದೆ ನಡೆಯುವಾಗ ನೀರು ತುಂಡು ತುಂಡಾಗಿ ಕಾಣುವುದನ್ನು ಮೊದಲು ಗಮನಿಸಿದವಳು ಅವಳೇ. ಜೊತೆಯ ಹೆಂಗಸರು, ‘ಅಕ್ಕಣಕ್ಕ, ಇದ್ ಸಮ ಆತ್ತಾ?’ ಎಂದು ಕೇಳಿದರು. ಅವಳು ತನ್ನ ಕಲ್ಲಿನ ಮುಖವನ್ನು ಒಮ್ಮೆ ನೋಡಿ, ‘ಕಾಂಬ,’ ಎಂದುಬಿಟ್ಟಳು. ಬೇಡವೆನ್ನಬೇಕಾದ ಕಡೆ ಕಾಂಬ ಎನ್ನುವ ಈ ಚಾಳಿ ನಮ್ಮವರನ್ನು ಎಲ್ಲೆಲ್ಲಿ ಸಿಕ್ಕಿಸಿದೆಯೋ ಲೆಕ್ಕವಿಲ್ಲ.

ಕಂಬಗಳೆಲ್ಲ ನಿಂತಿದ್ದವು, ಮೇಲೆ ತೊಲೆ ಹಾಸುವುದು ಬಾಕಿಯಿತ್ತು. ಕಾರ್ತಿಕದ ಒಂದು ಸಂಜೆ, ಮಳೆಗಾಲ ಮುಗಿಯಿತೆಂದು ಎಲ್ಲರೂ ನಂಬಿದ್ದ ಹೊತ್ತಿನಲ್ಲಿ, ಪಡುವಣದಿಂದ ಮೋಡ ಕವಿದು ಗಾಳಿ ಎದ್ದಿತು. ಊರಿನ ದೋಣಿಗಳೆಲ್ಲ ಹೊರಗಿದ್ದವು. ಹೆಂಗಸರು ಬುಟ್ಟಿ ಹಿಡಿದು ಕಟ್ಟೆಗೆ ಓಡಿ ಬಂದರು. ಅಕ್ಕಣಿ ನೀರನ್ನು ನೋಡುತ್ತ ನಡೆದಳು. ದಾರಿ ಆ ದಿನ ಬಡಗಕ್ಕೆ ಸರಿದು ಅಳಿವೆಯ ಹತ್ತಿರವೇ ಇತ್ತು. ಅಲ್ಲಿ ಎಲ್ಲರೂ ಗುಂಪಾಗಿ ನಿಂತು ಬುಟ್ಟಿ ಎತ್ತಿದರು. ಮೊದಲು ಬಂದದ್ದು ಸೂರನ ತಮ್ಮನ ದೋಣಿ. ಅದು ಅಲೆಗಳಾಚೆ ಒಂದು ಗಳಿಗೆ ನಿಂತಿತು, ಅನುಮಾನಿಸಿದಂತೆ ಅತ್ತಿತ್ತ ಹೊಯ್ದಾಡಿತು, ಆಮೇಲೆ ಹೆಂಗಸರನ್ನು ಬಿಟ್ಟು ದೂರ ತೆಂಕಕ್ಕೆ ಮೂತಿ ತಿರುಗಿಸಿತು. ದಡದಲ್ಲಿದ್ದವರು ಗಂಟಲು ಹರಿಯುವಂತೆ ಕೂಗಿದರು. ಆ ಗಾಳಿಗೆ ಕೂಗು ಯಾರ ಕಿವಿಗೂ ಮುಟ್ಟಲಿಲ್ಲ. ದೋಣಿ ನೇರವಾಗಿ ಹೋಗಿ ಮರಳಿನ ದಿಬ್ಬಕ್ಕೆ ಬಡಿದು ಎರಡು ಹೋಳಾಯಿತು.

ಕಡಲ ಮಕ್ಕಳಾದ್ದರಿಂದ ಅದರಲ್ಲಿದ್ದವರು ಹೇಗೋ ಈಜಿ ದಡ ಸೇರಿದರು. ಸೂರನ ತಮ್ಮನನ್ನು ಹೆಂಗಸರು ನೀರಿನಿಂದ ಎಳೆದುಕೊಂಡಾಗ, ಕಣ್ಣು ಕಾಣುವುದಿಲ್ಲವೇ ನಿನಗೆ, ನಾವು ಇಲ್ಲಿ ನಿಂತಿದ್ದರೆ ಅಲ್ಲಿಗೆ ಯಾಕೆ ಹೋದೆ ಎಂದು ಅಕ್ಕಣಿ ಅವನ ಮೇಲೆ ಹರಿಹಾಯ್ದಳು. ಅವನು ಕಟ್ಟೆಯ ನಡುವಿನ ಕಡೆಗೆ ಕೈ ತೋರಿಸಿದ.

‘ಎಲ್ ಕಂಡ್ರೂ ಜನ ನಿತ್ಕಂಡಾಂಗೆ ಕಾಂತಿತ್ತ್ ಅತ್ಗೆ. ಯಾರನ್ನ ನಂಬುದ್? ಅಲ್ ಒಬ್ಳ್ ಕಣ್ಣಿಗೆ ಕೈ ಅಡ್ಡ ಹಿಡ್ಕಂಡ್ ನಿತ್ಕಂಡಿದ್ಲಲ್ದಾ? ಅದ್ ನೀವೇ ಅಂದೇಳಿ ಎಣ್ಸಿ ಬಂದದ್ದ್.’

ಎಲ್ಲರೂ ಅತ್ತ ನೋಡಿದರು. ಮಬ್ಬು ಬೆಳಕಿನಲ್ಲಿ, ಮಳೆಯ ಪರದೆಯ ಹಿಂದೆ, ಕಟ್ಟೆಯ ಉದ್ದಕ್ಕೂ ಜನ ಸಾಲುಗಟ್ಟಿ ನಿಂತಂತೆಯೇ ಇತ್ತು. ನಡುವೆ ಎಲ್ಲರಿಗಿಂತ ಎತ್ತರವಾಗಿ ಕಲ್ಲಿನ ಅಕ್ಕಣಿ. ಸೂರನ ದೋಣಿಯೂ ಉಳಿದವರ ದೋಣಿಗಳೂ ಅಲೆಗಳಾಚೆ ಬಂದು ಮುಟ್ಟಿದ್ದವು. ಹೊರಗೆ ನಿಂತು ಕಾಯುವಂತಿರಲಿಲ್ಲ, ಗಾಳಿ ಅವನ್ನು ದಿಬ್ಬದ ಕಡೆಗೇ ತಳ್ಳುತ್ತಿತ್ತು. ಗಂಡ ತನ್ನನ್ನು ಹುಡುಕುತ್ತಾನೆ, ತನ್ನದೇ ಮುಖವನ್ನು ಕಂಡು ಸಾವಿನ ಕಡೆಗೆ ತಿರುಗುತ್ತಾನೆ ಎಂದು ನಿಜವಾದ ಅಕ್ಕಣಿಗೆ ಹೊಳೆಯಿತು. ಗಲಾಟೆ ಕೇಳಿ ಗುಡಿಸಲಿನಿಂದ ಓಡಿ ಬಂದಿದ್ದ ಸಿಂಗೋಜನ ಮುಂದೆ ಅವಳು ಹೋಗಿ ನಿಂತಳು.

‘ಆಚಾರ್ರೆ, ನಿಮ್ ಕಲ್ಲಿನ ಹೆಣ್ಣ್ ನಮ್ಮೋರನ್ನ ದಿಬ್ಬಕ್ಕೆ ಕರೀತಿತ್ತ್. ಅದನ್ನ್ ಮಲ್ಗ್ಸಿ. ನಾನ್ ಕೇಂಡದ್ದ್ ಕಂಬ ಅಲ್ಲ ಆಚಾರ್ರೆ, ಕಾಂಬುಕೆ ಕೇಂಡದ್ದ್.’

ಸಿಂಗೋಜ ಕಂಬಗಳ ಸಾಲನ್ನು ನೋಡಿದ, ಕಡಲನ್ನು ನೋಡಿದ. ತಾನು ಕೇಳಿಸಿಕೊಂಡದ್ದೇನು, ಇವರು ಹೇಳಿದ್ದೇನು ಎಂಬುದು ಆ ಗಳಿಗೆಯಲ್ಲಿ ಅವನಿಗೆ ತಿಳಿಯಿತು. ಅವನು ಅಳಲಿಲ್ಲ, ವಾದಿಸಲಿಲ್ಲ. ರಾಣಿಯ ಅಪ್ಪಣೆಯಿಲ್ಲದೆ ಆಗದು ಎಂದಿದ್ದರೆ ತಪ್ಪೆನ್ನುವವರು ಯಾರೂ ಇರಲಿಲ್ಲ. ಅವನು ಕೇಳಿದ್ದು ಒಂದೇ, ಹಗ್ಗ ಎಲ್ಲಿದೆ ಎಂದು. ಎಳೆಬಲೆಯ ಹಗ್ಗಗಳು ಕಟ್ಟೆಯ ಮೇಲೆಯೇ ಒಣಗಲು ಬಿದ್ದಿದ್ದವು, ಇಡೀ ಊರು ಸೇರಿ ಕಡಲಿನಿಂದ ಬಲೆಯನ್ನು ದಡಕ್ಕೆ ಎಳೆಯುವ ದಪ್ಪ ಹಗ್ಗಗಳು. ಮೊದಲು ಅವಳು ಎಂದು ಹೇಳಿ, ತನ್ನ ಕೈಯಿಂದಲೇ ಕಲ್ಲಿನ ಹೆಣ್ಣಿನ ಭುಜಕ್ಕೆ ಕುಣಿಕೆ ಹಾಕಿದ. ಬುಡದ ಬೆಣೆಗಳನ್ನು ಸುತ್ತಿಗೆಯಿಂದ ಹೊಡೆದು ತೆಗೆದ. ಹೆಂಗಸರು, ಮುದುಕರು, ಆಗಷ್ಟೇ ಈಜಿ ಬಂದವರು, ಎಲ್ಲರೂ ಹಗ್ಗ ಹಿಡಿದು, ಬಲೆ ಎಳೆಯುವಾಗ ಹಾಕುವ ಅದೇ ಐಲೇಸಾ ಹಾಕಿ ಎಳೆದರು. ಕಂಬ ವಾಲಿತು, ನಿಂತಿತು, ಮತ್ತೆ ವಾಲಿ ನೆಲಕ್ಕೆ ಬಿತ್ತು. ಹುಬ್ಬಿನ ಮೇಲಿನ ಕೈ ಮಣಿಕಟ್ಟಿನಲ್ಲಿ ಮುರಿಯಿತು. ಆ ಸದ್ದು ತನ್ನ ಮೂಳೆಯಲ್ಲಿ ಕೇಳಿತು ಎಂದು ಸಿಂಗೋಜ ಆಮೇಲೆ ಹೇಳುತ್ತಿದ್ದನಂತೆ. ಆದರೆ ಆಗ ಅವನು ತಿರುಗಿಯೂ ನೋಡದೆ ಬಡಗಕ್ಕೆ ಓಡಿದ. ದಾರಿಗೆ ನೇರವಾದ ಜಾಗದಲ್ಲಿ ಕಂಬದ ಮೇಲೆ ಕಂಬ ಉರುಳಿಸಿದರು. ಸಾಲಿನಲ್ಲಿ ಬಾಗಿಲು ತೆರೆದಂತಾಯಿತು. ಆ ಬಯಲಿನಲ್ಲಿ ಹೆಂಗಸರು ಮಾತ್ರ ಉಳಿದರು. ಅಕ್ಕಣಿ ಮುಂದೆ ನಿಂತು ಎರಡು ಕೈಯಲ್ಲಿ ಬುಟ್ಟಿ ಎತ್ತಿ ಅತ್ತಿತ್ತ ಬೀಸಿದಳು.

ಅಲೆಗಳಾಚೆ ಸೂರನ ದೋಣಿಯ ಮೂತಿ ತೆಂಕಕ್ಕೆ ತಿರುಗಿಬಿಟ್ಟಿತ್ತು. ಅದು ತಡೆಯಿತು. ನಿಧಾನವಾಗಿ, ಬಹಳ ನಿಧಾನವಾಗಿ, ಬಡಗಕ್ಕೆ ತಿರುಗಿತು. ಅಲೆ ಒಡೆಯದ ಆ ಕಿರಿದಾದ ದಾರಿಯಲ್ಲಿ ಜಾರಿ ಒಳಗೆ ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕತ್ತಲು ಕವಿಯುವ ಮೊದಲು ಕೊನೆಯ ದೋಣಿಯೂ ಹೊಳೆಯೊಳಗೆ ಸೇರಿತು. ಒಬ್ಬನೇ ಒಬ್ಬನೂ ತಪ್ಪಲಿಲ್ಲ. ಸೂರ ದಡಕ್ಕೆ ಜಿಗಿದು ಹೆಂಡತಿಯ ಹತ್ತಿರ ಬಂದು, ‘ಕಂಡೆ,’ ಎಂದ. ಅವಳು ಅವನ ತೋಳಿಗೆ ಎರಡು ಗುದ್ದಿ, ಬುಟ್ಟಿಯನ್ನು ಅವನ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕುಸಿದು ಕುಳಿತಳು.

ಮರುದಿನ ಊರವರು ಸಿಂಗೋಜನ ಮುಂದೆ ಹೋಗಿ ತಲೆ ತಗ್ಗಿಸಿ ನಿಂತರು. ಉಳಿದ ಕಂಬಗಳು ಇದ್ದುಕೊಳ್ಳಲಿ, ನಾವು ಹೇಗೋ ಸುಧಾರಿಸುತ್ತೇವೆ ಎಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಗಿರಬೇಕು, ಮುದುಕನ ಮೇಲೆ ಅವರಿಗೆ ಎಷ್ಟು ಪ್ರೀತಿ ಇದ್ದಿರಬೇಕು! ಸಿಂಗೋಜ ಒಪ್ಪಲಿಲ್ಲ. ನಿಂತಿದ್ದ ಪ್ರತಿಯೊಂದು ಕಂಬವನ್ನೂ ತಾನೇ ಮುಂದೆ ನಿಂತು ಜೋಪಾನವಾಗಿ ಇಳಿಸಿದ. ಕಡಲಂಚಿನ ಉದ್ದಕ್ಕೂ, ಒಂದರ ತಲೆಗೆ ಇನ್ನೊಂದರ ಬುಡ ತಾಗುವಂತೆ, ಸಾಲಾಗಿ ಮಲಗಿಸಿ ಗಾರೆಯಿಂದ ಕೂರಿಸಿದ. ಕಲ್ಲಿನ ಹೆಣ್ಣನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಅವನು ಅಕ್ಕಣಿಯ ಕಡೆ ತಿರುಗಿದ. ಅವಳ ಮುಖ ಮಣ್ಣಿಗೆ ಮಾಡಬೇಡಿ, ಕಡಲಿಗೇ ಮಾಡಿ, ನೋಡಿ ಅಭ್ಯಾಸವಾದವಳು ಎಂದು ಹೇಳಿದವಳು ಅಕ್ಕಣಿ. ಹಾಗೆಯೇ ಪಕ್ಕಕ್ಕೆ ಹೊರಳಿಸಿ ಮಲಗಿಸಿದರು.

ಕೆಲಸ ಮುಗಿಯಿತೆಂದು ತಿಳಿದು ಪದುಮಲದೇವಿ ಪಲ್ಲಕ್ಕಿಯಲ್ಲಿ ಬಂದಳು. ಅವಳಿಗೆ ಬಂದಿದ್ದ ಸುದ್ದಿ ಕಂಬಗಳ ಸಾಲಿನದು, ಇಡೀ ಸೀಮೆಯಲ್ಲಿ ಇಲ್ಲದ ಕಡಲ ಮಂಟಪದ್ದು. ಬಂದು ನೋಡಿದರೆ ಬಟ್ಟಬಯಲು. ಊರವರು ಒಬ್ಬರ ಹಿಂದೆ ಒಬ್ಬರು ಸರಿದು ನಿಂತರು. ರಾಣಿಯ ಕೊಡುಗೆಯನ್ನು ನೆಲಕ್ಕೆ ಕೆಡವಿದವರಿಗೆ ಏನು ಶಿಕ್ಷೆಯೋ! ಕೆಡವಿದವನು ನಾನು ಎಂದು ಸಿಂಗೋಜ ಮುಂದೆ ಬಂದ. ಕೆಡವಿ ಎಂದವಳು ನಾನು ಎಂದು ಅಕ್ಕಣಿ ಅವನಿಗಿಂತ ಒಂದು ಹೆಜ್ಜೆ ಮುಂದೆ ಬಂದಳು. ರಾಣಿ ಇಬ್ಬರ ಮಾತನ್ನೂ ಪೂರ್ತಿ ಕೇಳಿದಳು. ದೋಣಿಯೊಂದನ್ನು ತರಿಸಿ ಹತ್ತಿ ಕುಳಿತು, ಅಲೆಗಳಾಚೆ ಕರೆದುಕೊಂಡು ಹೋಗು ಎಂದು ಸೂರನಿಗೆ ಹೇಳಿದಳು. ಹೆಂಗಸರಿಗೆ, ನೀವು ನಡೆಯಿರಿ ಎಂದಳು. ತಾನು ಅಂದು ಹಡಗಿನಿಂದ ಕಂಡ ಜಾಗದಲ್ಲಿ ದೋಣಿ ನಿಲ್ಲಿಸಿ ದಡದ ಕಡೆ ತಿರುಗಿದಳು. ಮುಳ್ಳಿಲ್ಲದ, ಕಂಬವಿಲ್ಲದ, ಮರೆಯಿಲ್ಲದ ಆ ಉದ್ದನೆಯ ಕಟ್ಟೆಯ ಮೇಲೆ ಪಡುಗೋಡಿಯ ಹೆಂಗಸರು ಬುಟ್ಟಿ ಹೊತ್ತು ತಲೆಯೆತ್ತಿ ನಡೆಯುತ್ತಿದ್ದರು. ಒಬ್ಬೊಬ್ಬರ ಗುರುತೂ ಸಿಗುತ್ತಿತ್ತು. ರಾಣಿ ಎಷ್ಟೋ ಹೊತ್ತು ನೋಡಿದಳು. ದಡಕ್ಕೆ ಮರಳಿದ ಮೇಲೆ ಸಿಂಗೋಜನ ಮುಂದೆ ನಿಂತು, ‘ಕಾಣ್ತದೆ,’ ಎಂದಳು. ತನ್ನ ಕೊರಳಿನ ಸರ ತೆಗೆದು ಅವನಿಗೆ ಹಾಕಿದಳು. ಇದರ ಮೇಲೆ ಇನ್ನು ಯಾರೂ, ಅರಮನೆಯವರೂ ಸಹ, ಏನನ್ನೂ ನಿಲ್ಲಿಸಕೂಡದು ಎಂದು ಅಪ್ಪಣೆ ಮಾಡಿದಳು. ಅಂದಿನಿಂದ ಇದು ಕಾಂಬಕಟ್ಟೆ. ಸಿಂಗೋಜ ಘಟ್ಟಕ್ಕೆ ಹಿಂದಿರುಗಲೇ ಇಲ್ಲ, ಸಾಯುವ ತನಕ ಇಲ್ಲೇ ಇದ್ದ, ಸಂಜೆ ಹೊತ್ತು ತಾನು ಮಲಗಿಸಿದ ಕಂಬಗಳ ಮೇಲೆ ಕುಳಿತು ದೋಣಿಗಳನ್ನು ನೋಡುತ್ತಿದ್ದ ಎನ್ನುತ್ತಾರೆ.

ಈಗ ಅಳಿವೆಗೆ ಕಲ್ಲಿನ ತಡೆಗೋಡೆ ಬಂದು ದಿಬ್ಬದ ಕಾಟ ತಪ್ಪಿದೆ. ಬೋಟುಗಳಿಗೆ ಇಂಜಿನ್ನಿದೆ, ದಾರಿ ತೋರುವ ಯಂತ್ರವಿದೆ. ಆದರೂ ಮಳೆಗಾಲದ ರಜೆ ಮುಗಿದು ಮೊದಲ ಸಲ ಬೋಟುಗಳು ಮರಳುವ ಸಂಜೆ ನಮ್ಮ ಹೆಂಗಸರು ಬುಟ್ಟಿ ಹಿಡಿದು ಕಟ್ಟೆಯ ಉದ್ದಕ್ಕೂ ನಡೆಯುತ್ತಾರೆ. ಬೋಟಿನವರು ಇಂಜಿನ್ ನಿಲ್ಲಿಸಿ ಒಂದು ಗಳಿಗೆ ಅವರನ್ನು ನೋಡಿಯೇ ಒಳಗೆ ಬರುವುದು. ಹೋಗುವಾಗ ಹೇಳುವ ಮಾತು ಇಂದಿಗೂ ‘ಕಾಂಬ’ ಎಂದೇ. ಕಟ್ಟೆಯ ನಡುವೆ ಕಲ್ಲಕ್ಕ ಪಕ್ಕಕ್ಕೆ ಹೊರಳಿ ಮಲಗಿದ್ದಾಳೆ, ಮುಖ ಕಡಲಿನ ಕಡೆಗೆ. ಮಕ್ಕಳು ಸವರಿ ಸವರಿ ಅವಳ ಮೂಗು ನುಣ್ಣಗಾಗಿದೆ. ಮಣಿಕಟ್ಟು ಮುರಿದ ಜಾಗಕ್ಕೆ ಹೊಸದಾಗಿ ಮದುವೆಯಾದ ಹುಡುಗಿಯರು ಬಳೆ ತಂದು ಇಡುತ್ತಾರೆ. ಅವಳ ಮೇಲೆ ಮಾತ್ರ ಯಾರೂ ಕುಳಿತುಕೊಳ್ಳುವುದಿಲ್ಲ.

ಉಳಿದವುಗಳ ಮೇಲೆ ಎಲ್ಲರೂ ಕುಳಿತುಕೊಳ್ಳುತ್ತಾರೆ, ಕಂಬ ಎಲ್ಲಿ ಎಂದು ಕೇಳುವವರೂ ಸಹ. ಮೊನ್ನೆ ಬಯಲುಸೀಮೆಯ ಕಡೆಯ ದಂಪತಿಗಳು ಹಾಗೆ ಕುಳಿತೇ ಕೇಳಿದರು. ನೀವು ಕೂತಿರುವುದೇ ಕಂಬದ ಮೇಲೆ ಎಂದೆ. ಇಬ್ಬರೂ ಗಾಬರಿಯಾಗಿ ಎದ್ದು, ಬಗ್ಗಿ ನೋಡಿ, ಕಲ್ಲಿನ ಮೇಲಿನ ಅಂಜಲ್ ಮೀನುಗಳನ್ನು ಬೆರಳಿನಿಂದ ಮುಟ್ಟಿದರು. ಇಷ್ಟು ಚೆಂದದ್ದನ್ನು ಯಾಕೆ ಮಲಗಿಸಿದರು ಎಂದು ಆಕೆ ಕೇಳಿದಳು. ನಾನು ಕಥೆ ಹೇಳಲಿಲ್ಲ. ಮತ್ತೆ ಕೂತ್ಕಣಿ ಎಂದೆ. ಕುಳಿತರು. ಎದುರಿಗೆ ಹೊತ್ತು ಮುಳುಗುತ್ತಿತ್ತು, ದೂರದಲ್ಲಿ ಒಂದು ಸಣ್ಣ ದೋಣಿ ಮನೆಯ ಕಡೆ ಬರುತ್ತಿತ್ತು.

‘ಕಾಂತಿತ್ತಾ?’ ಎಂದು ಕೇಳಿದೆ.

ಅವರಿಗೆ ನಮ್ಮ ಮಾತು ತಟಕ್ಕನೆ ಅರ್ಥವಾಗಲಿಲ್ಲ. ಆಮೇಲೆ ಬರುತ್ತಿದ್ದ ದೋಣಿಯನ್ನೇ ನೋಡುತ್ತ ಆಕೆ ಹೇಳಿದಳು:

‘ಹೌದು ಅಜ್ಜ, ಕಾಣ್ತದೆ.’